ಬಿಸ್ಕಿಟ್ ಇದ್ದರೆ ಮಾತ್ರ ಮಾತು ಕೇಳುವ ನಾಯಿ

"ಬಿಸ್ಕಿಟ್ ಇದ್ರ ಅಷ್ಟೇ ಮಾತ್ ಕೇಳ್ತದ್ರಿ ಸರ್, ಇಲ್ಲಾಂದ್ರ ನಮ್ ಕಡಿ ತಿರುಗಿ ಸೈತ ನೋಡಂಗಿಲ್ಲ." ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ನಾಯಿ ಕರೆತರುವವರ ದೊಡ್ಡ ದೂರು ಇದು. ತಿನ್ನಿಸಿ ತಿನ್ನಿಸಿ ಹಾಳು ಮಾಡಿದೆವು ಅಂತ ಬೇಸರಪಡುತ್ತಾರೆ. ಆದರೆ ಬಹಳ ಮನೆಗಳಲ್ಲಿ ಎಡವಟ್ಟಾಗುವುದು ತಿನಿಸು ಕೊಡುವ ಹೊತ್ತಿನಲ್ಲಿ.

ಮೊದಲು ಡಬ್ಬಿ ತೆಗೆಯುತ್ತಾರೆ. ಬಿಸ್ಕಿಟ್ ಮೂಗಿನ ಮುಂದೆ ಹಿಡಿಯುತ್ತಾರೆ. ಆಮೇಲೆ "ಕೂಡು" ಅನ್ನುತ್ತಾರೆ. ನಾಯಿ ಕೂಡುತ್ತದೆ, ನಿಜ. ಆದರೆ ಬಿಸ್ಕಿಟ್ ಕಂಡಾಗ ಕೂಡಬೇಕು ಅನ್ನುವುದನ್ನಷ್ಟೇ ಅದು ಕಲಿತಿರುತ್ತದೆ. ಹೊಸದಾಗಿ ಕಲಿಸುವಾಗ ಒಂದೆರಡು ಸಲ ಹೀಗೆ ತೋರಿಸಿ ಕೂರಿಸಬಹುದು. ಆಮೇಲೆ ತಿನಿಸು ಜೇಬಿಗೆ ಹೋಗಬೇಕು. ಖಾಲಿ ಕೈಯಲ್ಲಿ ಅದೇ ಸನ್ನೆ ಮಾಡಿ. ಅದರ ಹಿಂಭಾಗ ನೆಲ ಮುಟ್ಟಿದ ಕೂಡಲೇ "ಶಭಾಷ್" ಅನ್ನಿ. ಆಮೇಲಷ್ಟೇ ಜೇಬಿಗೆ ಕೈ ಹಾಕಿ.

ಆ "ಶಭಾಷ್" ಯಾಕೆ ಬೇಕು? ನೀವು ಜೇಬು ತಡಕಿ, ಪೊಟ್ಟಣ ಬಿಚ್ಚುವಷ್ಟರಲ್ಲಿ ನಾಯಿ ಎದ್ದು ನಿಮ್ಮ ತೊಡೆಯ ಮೇಲೆ ಮುಂಗಾಲು ಇಟ್ಟಿರುತ್ತದೆ. ಆಗ ಕೊಟ್ಟರೆ ಮೈಮೇಲೆ ಹಾರಿದ್ದಕ್ಕೇ ಕೊಟ್ಟ ಹಾಗಾಯಿತು, ಅಲ್ವಾ? ಒಂದೆರಡು ಸೆಕೆಂಡು ತಡವಾದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಮೊದಲು ಸುಮ್ನೆ ಕೆಲವು ಸಲ "ಶಭಾಷ್" ಅಂದು, ಪ್ರತಿ ಸಲವೂ ತಕ್ಷಣ ಒಂದು ಚೂರು ಕೊಡಿ. ಈ ಮಾತು ಕೇಳಿದರೆ ತಿನಿಸು ಬಂದೇ ಬರುತ್ತದೆ ಎಂಬ ನಂಬಿಕೆ ನಾಯಿಗೆ ಬರಲಿ. ಮನೆಯವರೆಲ್ಲ ಇದೇ ಮಾತು ಬಳಸಬೇಕು.

1898ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದ. ಹೊರಬಂದು ಮೀನು ತಿನ್ನಲು ಯಾವ ಕೆಲಸ ನೆರವಾಯಿತೋ ಅದನ್ನೇ ಅವು ದಿನದಿಂದ ದಿನಕ್ಕೆ ಬೇಗ ಮಾಡತೊಡಗಿದವು. ಉಳಿದ ಪರಚಾಟ ತಾನಾಗಿ ಕಡಿಮೆಯಾಯಿತು. ನಿಮ್ಮ ಮನೆಯ ನಾಯಿಯೂ ಹೀಗೇ ಕಲಿಯುತ್ತದೆ. ಊಟದ ಹೊತ್ತಿಗೆ ಬೊಗಳಿದಾಗ ರೊಟ್ಟಿ ಎಸೆದು ಸುಮ್ಮನಾಗಿಸಿದರೆ, ಬೊಗಳುವುದನ್ನು ನೀವೇ ಕಲಿಸಿದಿರಿ.

ತಿನಿಸು ತೊಗರಿ ಕಾಳಿನಷ್ಟಿದ್ದರೆ ಸಾಕು, ದೊಡ್ಡ ನಾಯಿಗಾದರೆ ಕಡಲೆ ಕಾಳಿನಷ್ಟು. ಬೇಯಿಸಿದ ಕೋಳಿ, ಮೊಟ್ಟೆ, ಪನೀರ್ ಚೂರು ಒಳ್ಳೆಯದು. ಇವೆಲ್ಲ ದಿನದ ಒಟ್ಟು ಆಹಾರದ ಶೇ. 10 ದಾಟಬಾರದು, ಕೊಟ್ಟಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಚಾಕ್ಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಉಳ್ಳಾಗಡ್ಡಿ ವಿಷ. ಮನೆಯ ಸಾರಿನ ಕೋಳಿ ತುಂಡಿನಲ್ಲೂ ಉಳ್ಳಾಗಡ್ಡಿ ಇರುತ್ತದೆ, ಮರೆಯಬೇಡಿ.

ನಮ್ಮ ಬೇಸಿಗೆಯ ಬಗ್ಗೆಯೂ ಹೇಳಬೇಕು. ಮೇ ತಿಂಗಳ 42 ಡಿಗ್ರಿಯಲ್ಲಿ ನಾಯಿಗೆ ಹಸಿವೇ ಇರುವುದಿಲ್ಲ. ಆಗ ಕೋಳಿ ತೋರಿಸಿದರೂ ಮುಖ ತಿರುಗಿಸುತ್ತದೆ, ಮಾಲೀಕರು ಮೊಂಡ ಎಂದು ಬೈಯುತ್ತಾರೆ. ಬಿಸಿಲೇರುವ ಮೊದಲೇ ಕಲಿಸಿ. ಬಹುಮಾನ ಅಂದರೆ ತಿನಿಸೇ ಆಗಬೇಕಿಲ್ಲ. ಬೇವಿನ ಮರದ ಬುಡ ಮೂಸಲು ಅದು ಹಗ್ಗ ಜಗ್ಗುತ್ತಿದೆಯಾ? ನಿಂತುಬಿಡಿ. ಹಗ್ಗ ಸಡಿಲವಾದ ಕೂಡಲೇ "ಶಭಾಷ್" ಅಂದು ಮರದ ಹತ್ತಿರ ಬಿಡಿ. ಆ ಹೊತ್ತಿಗೆ ಅದಕ್ಕೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.

ಪಾಠ ಗಟ್ಟಿಯಾದ ಮೇಲೆ ಪ್ರತಿ ಸಲ ತಿನ್ನಿಸಬೇಡಿ. ಒಮ್ಮೆ ಕೊಡಿ, ಇನ್ನೊಮ್ಮೆ ಬೆನ್ನು ಸವರಿ, ಮಗದೊಮ್ಮೆ ಚೆಂಡು ಎಸೆಯಿರಿ. ಯಾವಾಗ ಸಿಗುತ್ತದೋ ಗೊತ್ತಿಲ್ಲದಿದ್ದರೆ ಕಲಿತದ್ದು ಬೇಗ ಅಳಿಯುವುದಿಲ್ಲ.

ಆದರೆ "ಬಾ" ಅನ್ನುವ ಮಾತಿಗೆ ಮಾತ್ರ ಈ ಕಂಜೂಸುತನ ಬೇಡ. ಗೇಟು ತೆರೆದಿದ್ದಾಗ ರಸ್ತೆಗೆ ಓಡಿದ ನಾಯಿಯ ಜೀವ ಉಳಿಸುವುದು ಆ ಒಂದು ಮಾತು. ಎಷ್ಟೋ ಮನೆಗಳಲ್ಲಿ ಏನಾಗುತ್ತದೆ? ಹತ್ತು ಸಲ ಕೂಗಿದ ಮೇಲೆ ಅದು ಬರುತ್ತದೆ, ಸಿಟ್ಟಿನಲ್ಲಿದ್ದವರು ಚಪ್ಪಲಿ ಎತ್ತುತ್ತಾರೆ. ಓಡಿಹೋದದ್ದಕ್ಕೆ ಹೊಡೆದೆವು ಅಂತ ನಾವು ಅಂದುಕೊಳ್ಳುತ್ತೇವೆ. ನಾಯಿಗೆ ಗೊತ್ತಾಗುವುದು, ಹತ್ತಿರ ಬಂದರೆ ಏಟು ಬೀಳುತ್ತದೆ ಅಂತ. ಮುಂದಿನ ಸಲ ಅದು ಯಾಕಾದರೂ ಬಂದೀತು? ಎಷ್ಟೇ ತಡವಾಗಿ ಬಂದರೂ ಮುದ್ದು ಮಾಡಿ, ಒಳ್ಳೆಯ ತುಂಡು ಕೊಡಿ. ಸ್ನಾನ ಮಾಡಿಸಬೇಕೋ, ಉಗುರು ಕತ್ತರಿಸಬೇಕೋ, ಔಷಧಿ ಹಾಕಬೇಕೋ, ಆಗ "ಬಾ" ಅನ್ನಬೇಡಿ. ನೀವೇ ಎದ್ದು ಅದರ ಹತ್ತಿರ ಹೋಗಿ.