ಗಾಳಿ ಸೋಂಕಿದ ಬೆರಳುಗಳು

ಆ ಹುಡುಗಿಯ ಎರಡೂ ಕೈ ಒಂದೇ ಥರ ಸೆಟೆದಿದ್ದವು. ಮಣಿಕಟ್ಟು ಒಳಕ್ಕೆ ಮಡಚಿತ್ತು. ನಾಲ್ಕು ಬೆರಳು ನೆಟ್ಟಗೆ, ಒತ್ತಾಗಿ ಸೇರಿಕೊಂಡಿದ್ದವು. ಹೆಬ್ಬೆರಳು ಅಂಗೈಗೆ ಅಡ್ಡ ಬಿದ್ದಿತ್ತು. ಮಗುವಿಗೆ ತುತ್ತು ಕೊಡುವಾಗ ಬೆರಳು ಕೂಡಿಸುತ್ತೇವಲ್ಲ, ಹಾಗೆ. ಬಿಡಿಸಲು ಹೋದರೆ ಬರುತ್ತಿರಲಿಲ್ಲ.

ಕಾಸರಗೋಡಿನ ಬದಿಯಡ್ಕದ ಕಡೆ ಒಂದು ಶಾಲೆಯಲ್ಲಿ ಉಪಜಿಲ್ಲಾ ಕಲೋತ್ಸವ ನಡೆಯುತ್ತಿತ್ತು. ನಮ್ಮ ಶಾಲೆಯ ಮಕ್ಕಳನ್ನು ನಾನೇ ಕರೆದುಕೊಂಡು ಹೋಗಿದ್ದೆ. ಪಕ್ಕದ ವೇದಿಕೆಯಿಂದ ಯಕ್ಷಗಾನದ ಚೆಂಡೆ ಕೇಳುತ್ತಿತ್ತು. ಈ ಹುಡುಗಿ ಎಂಟನೇ ಕ್ಲಾಸು, ಕನ್ನಡ ಪದ್ಯ ಹೇಳುವ ಸ್ಪರ್ಧೆಗೆ ಬಂದವಳು. ಅವಳ ನಂಬರ್ ಬರಲು ಇನ್ನು ಮೂವರು ಬಾಕಿ ಇದ್ದರು. "ಮಾಷ್ಟ್ರೇ, ಉಸಿರು ಸಾಲುವುದಿಲ್ಲ" ಎಂದಳು. ಬೇಗ ಬೇಗ ಉಸಿರಾಡತೊಡಗಿದಳು. ಬಾಯಿಯ ಸುತ್ತ ಇರುವೆ ಹರಿದ ಹಾಗೆ ಆಗುತ್ತದೆ ಎಂದಳು. ಆಮೇಲೆ ಕೈ ಸೆಟೆಯಿತು.

ಜನ ಸೇರಲು ಎಷ್ಟು ಹೊತ್ತು? "ಫಿಟ್ಸು, ಕಬ್ಬಿಣ ಕೊಡಿ" ಎಂದು ಒಬ್ಬರು ಬೀಗದ ಕೈಗಳ ಗೊಂಚಲನ್ನು ಅವಳ ಅಂಗೈಗೆ ತುರುಕಿದರು. "ಇದು ಗಾಳಿ ಸೋಂಕಿದ್ದೇ. ಬರುವ ದಾರಿಯಲ್ಲಿ ಎಂತದೋ ಕಂಡು ಹೆದರಿದೆ. ನೂಲು ಕಟ್ಟಿಸಬೇಕು" ಎಂದರು ಒಬ್ಬರು ಅಜ್ಜಿ. "ಸುಮ್ನೆ ನಾಟಕ, ಸ್ಟೇಜಿನ ಹೆದರಿಕೆ" ಎಂದಿತು ಇನ್ನೊಂದು ದನಿ. ನಾಲ್ಕನೆಯವರು ಬಹಳ ಪ್ರೀತಿಯಿಂದ ಅವಳ ಬೆನ್ನು ಸವರಿ, "ಜೋರಾಗಿ ಉಸಿರೆಳೆ ಮಗಳೇ, ಇನ್ನೂ ಜೋರಾಗಿ" ಎಂದರು.

ನಾಲ್ಕೂ ತಪ್ಪು. ಆ ಹೊತ್ತಿಗೆ ಅವಳಿಗೆ ನಿಜವಾಗಿ ತೊಂದರೆ ಕೊಟ್ಟದ್ದು ಕೊನೆಯ ಸಲಹೆ.

ಅಜ್ಜಿಯ ಮಾತನ್ನು ಮಾತ್ರ ನಾನು ಮರೆತಿಲ್ಲ. ನಮ್ಮ ಭಾಷೆಯಲ್ಲಿ ಉಸಿರಾಡುವುದೂ ಗಾಳಿಯೇ, ಪೀಡೆಯೂ ಗಾಳಿಯೇ. ಹುಡುಗಿಯನ್ನು ಹಿಡಿದದ್ದು ಗಾಳಿ ಎನ್ನುವುದರಲ್ಲಿ ಸಂಶಯವಿಲ್ಲ. ಅವಳೇ ಎಳೆದುಕೊಂಡ, ಅವಳೇ ಹೊರಹಾಕಿದ ಗಾಳಿ ಅದು. ದೇಹಕ್ಕೆ ಬೇಕಾದ್ದಕ್ಕಿಂತ ಜಾಸ್ತಿ. ಡಾಕ್ಟರುಗಳು ಇದನ್ನು ಹೈಪರ್‌ವೆಂಟಿಲೇಷನ್ ಎನ್ನುತ್ತಾರೆ.

ಉಸಿರು ಜಾಸ್ತಿಯಾದರೆ ಉಸಿರು ಸಾಲದೆನಿಸುವುದು ಹೇಗೆ? ಇದಕ್ಕೆ ಉತ್ತರ ಬೇಕಾದರೆ ಮೊದಲು ಒಂದು ಸುರಂಗದೊಳಗೆ ಹೋಗಬೇಕು.

ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ತೋಡುವುದು ಎಲ್ಲರಿಗೂ ಗೊತ್ತು. ಬಾವಿಯನ್ನು ಅಡ್ಡ ಮಲಗಿಸಿದ ಹಾಗೆ, ಮುರಕಲ್ಲಿನ ಒಳಗೆ ಒಬ್ಬ ಆಳು ಹೋಗುವಷ್ಟೇ ಜಾಗ. ತೋಡುವವರು ಒಳಗೆ ಮೊಂಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ. ಬೆಳಕಿಗೂ ಆಯಿತು, ಗಾಳಿಯ ಪರೀಕ್ಷೆಗೂ ಆಯಿತು. ಬತ್ತಿ ಮಂಕಾಗಿ ನಂದಿದರೆ ಪಿಕ್ಕಾಸು ಬಿಟ್ಟು ಹೊರಗೆ ಬರಬೇಕು. ಸುರಂಗ ತೋಡಿಯೇ ಬದುಕಿದ ಹಿರಿಯರೊಬ್ಬರನ್ನು ನಾನು ಕೇಳಿದ್ದೆ, ಒಳಗೆ ಏನಾಗುತ್ತದೆ ಎಂದು. "ಎದೆ ತಾನಾಗಿ ಬೀಸಲು ಶುರುವಾಗುತ್ತದೆ ಮಾಷ್ಟ್ರೇ. ಓಡಿ ಬಂದವನ ಹಾಗೆ" ಎಂದರು.

ಎದೆ ಬೀಸಿದ್ದು ಆಕ್ಸಿಜನ್ ಕಡಿಮೆಯಾಯಿತು ಎಂದೇ ಅಲ್ವಾ? ಹಾಗೆಯೇ ಎಲ್ಲರೂ ಅಂದುಕೊಳ್ಳುತ್ತಾರೆ. ಹೊರಗಿನ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 21ರಷ್ಟಿದೆ. ಅದು ಸುಮಾರು 16-17ಕ್ಕೆ ಇಳಿದಾಗ ಮೊಂಬತ್ತಿ ನಂದುತ್ತದೆ. ಆದರೆ ಅಷ್ಟು ಇಳಿದರೂ ಮನುಷ್ಯನಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಎದೆ ಬೀಸುವಂತೆ ಮಾಡುವುದು ಅವನೇ ಬಿಟ್ಟು ಅಲ್ಲಿ ತುಂಬಿದ ಕಾರ್ಬನ್ ಡೈಆಕ್ಸೈಡ್.

ಇದನ್ನು ಪತ್ತೆಮಾಡಿದವರೂ ಇಂಥದೇ ಕತ್ತಲೆಯಲ್ಲಿ ತಿರುಗಿದವರು. ಹೆಸರು ಜಾನ್ ಸ್ಕಾಟ್ ಹಾಲ್ಡೇನ್, ಬ್ರಿಟನ್ನಿನ ವಿಜ್ಞಾನಿ. ಗಣಿ ಸ್ಫೋಟಗಳಲ್ಲಿ ಹೆಚ್ಚಿನವರು ಸಾಯುವುದು ಸ್ಫೋಟದಿಂದಲ್ಲ, ಆಮೇಲೆ ಹಬ್ಬುವ ಕಾರ್ಬನ್ ಮೊನಾಕ್ಸೈಡಿನಿಂದ ಎಂದು 1896ರಲ್ಲಿ ತೋರಿಸಿಕೊಟ್ಟವರು. ಗಣಿಗೆ ಪುಟ್ಟ ಹಕ್ಕಿಗಳನ್ನು ಒಯ್ಯಿರಿ, ವಿಷಗಾಳಿಯಿದ್ದರೆ ಮೊದಲು ಅವಕ್ಕೆ ತಾಗುತ್ತದೆ ಎಂದವರೂ ಅವರೇ. ಇತರರ ಮೇಲೆ ಪರೀಕ್ಷೆ ಮಾಡುವ ಮೊದಲು ತಾವೇ ಗಾಳಿಯಾಡದ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತಿದ್ದರು. ಪೆಟ್ಟಿಗೆಯ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ ಹಾಗೆ ಏದುಸಿರು ಬರುತ್ತಿತ್ತು. ಅದನ್ನು ಹೀರಿ ತೆಗೆದು, ಆಕ್ಸಿಜನ್ ಮಾತ್ರ ಇಳಿಯಲು ಬಿಟ್ಟರೆ ಅಂಥ ಸಂಕಟವೇ ಇರುತ್ತಿರಲಿಲ್ಲ.

1905ರಲ್ಲಿ ಅವರು ಪ್ರೀಸ್ಟ್ಲಿ ಎಂಬ ಜೊತೆಗಾರರೊಂದಿಗೆ ಶ್ವಾಸಕೋಶದ ತಳದಿಂದ ಬರುವ ಗಾಳಿಯನ್ನು ಅಳೆದರು. ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ತುದಿಯಲ್ಲಿ ಅಳೆದರು. ಕಾರ್ನ್‌ವಾಲಿನ ಡೋಲ್ಕೋತ್ ಗಣಿಯ ಆಳದಲ್ಲಿ ಅಳೆದರು. ಮೇಲೆ ಹೋದರೂ ಕೆಳಗೆ ಇಳಿದರೂ ಶ್ವಾಸಕೋಶದ ತಳದಲ್ಲಿ ಕಾರ್ಬನ್ ಡೈಆಕ್ಸೈಡಿನ ಒತ್ತಡ ಹೆಚ್ಚುಕಡಿಮೆ ಒಂದೇ. ಅದು ವಾಯುಮಂಡಲದ ಒತ್ತಡದ ಶೇಕಡಾ 0.2ರಷ್ಟು ಏರಿದರೆ ಸಾಕು, ಉಸಿರಾಟ ಎರಡು ಪಟ್ಟಾಗುತ್ತದೆ. ಎಂಥ ಸೂಕ್ಷ್ಮ! ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು, ನನ್ನ ಉಸಿರನ್ನೇ ನೋಡುತ್ತಾ ಕೂತಿದ್ದೆ.

ಕಾರ್ಬನ್ ಡೈಆಕ್ಸೈಡ್ ಬರೀ ಕಸ, ಹೊರಹಾಕಬೇಕಾದ್ದು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ನನಗೆ ಇದು ಒಪ್ಪಿಗೆಯಿಲ್ಲ. ಹೊರಗಿನ ಗಾಳಿಯಲ್ಲಿ ಅದು ಶೇಕಡಾ 0.04ರಷ್ಟು ಮಾತ್ರ. ಶ್ವಾಸಕೋಶದ ತಳದಲ್ಲಿ ಐದಕ್ಕಿಂತ ಜಾಸ್ತಿ. ದೇಹ ಅದನ್ನು ಬೇಕೆಂದೇ ಹಿಡಿದಿಟ್ಟುಕೊಂಡಿದೆ. ನಮ್ಮಲ್ಲಿ ತೋಡಿಗೆ ಕಟ್ಟ ಹಾಕುತ್ತೇವಲ್ಲ, ಹಾಗೆ. ಹೆಚ್ಚಾದ ನೀರು ಮೇಲಿಂದ ಹರಿದುಹೋಗುತ್ತದೆ, ಹೋಗಲಿ. ಆದರೆ ಒಂದು ಮಟ್ಟ ನಿಲ್ಲಬೇಕು. ಹಲಗೆ ಕಿತ್ತು ಎಲ್ಲ ಬಿಟ್ಟರೆ ಪಕ್ಕದ ತೋಟದ ಬಾವಿಯೂ ಇಳಿಯುತ್ತದೆ. ರಕ್ತದಲ್ಲಿ ಆ ಮಟ್ಟ, ಒತ್ತಡದ ಲೆಕ್ಕದಲ್ಲಿ, ಸುಮಾರು 40 ಮಿಲಿಮೀಟರ್ ಪಾದರಸ.

ಮಟ್ಟ ನೋಡುವ ಕಾವಲುಗಾರ ಇರುವುದು ಮೆದುಳಿನ ಬುಡದಲ್ಲಿ, ಕುತ್ತಿಗೆಗೆ ಕೂಡುವ ಕಡೆ. ಕಾರ್ಬನ್ ಡೈಆಕ್ಸೈಡ್ ನೀರಿಗೆ ಸೇರಿದರೆ ಹುಳಿಯಾಗುತ್ತದೆ. ಸೋಡಾ ಕುಡಿದಾಗ ನಾಲಿಗೆಗೆ ಚುರ್ರೆನ್ನುವುದು ಇದೇ ಹುಳಿ. ಮೆದುಳಿನ ಬುಡ ಅಳೆಯುವುದು ಈ ಹುಳಿಯನ್ನು. ಅಡಿಕೆಗೆ ಮದ್ದು ಬಿಡುವವರಿಗೆ ಇದನ್ನು ವಿವರಿಸುವುದು ಸುಲಭ. ಸುಣ್ಣದ ನೀರಿಗೆ ಮೈಲುತುತ್ತಿನ ನೀರು ಸೇರಿಸಿ ಬೋರ್ಡೋ ದ್ರಾವಣ ಮಾಡುವಾಗ ಚೂರಿಯ ಅಲಗು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಹುಳಿ ಉಳಿದಿದೆ ಎಂದರ್ಥ, ಇನ್ನಷ್ಟು ಸುಣ್ಣ ಬೇಕು. ಮೆದುಳು ಹಗಲೂ ರಾತ್ರಿ ಹೀಗೆ ಚೂರಿ ಅದ್ದಿ ನೋಡುತ್ತಲೇ ಇರುತ್ತದೆ. ಹುಳಿ ಏರಿತೋ, ಉಸಿರು ಜೋರು ಮಾಡುತ್ತದೆ. ಇಳಿಯಿತೋ, ನಿಧಾನ ಮಾಡುತ್ತದೆ. ಉಸಿರಿನ ತಾಳ ಹಾಕುವ ನರಕೋಶಗಳ ಒಂದು ಪುಟ್ಟ ಗುಂಪು ಅಲ್ಲೇ ಹತ್ತಿರದಲ್ಲಿದೆ. ಅದನ್ನು ಗುರುತಿಸಿದ್ದು 1991ರಲ್ಲಿ. ಹೆಸರು ಪ್ರಿ-ಬಾಟ್ಸಿಂಗರ್ ಕಾಂಪ್ಲೆಕ್ಸ್. ಜರ್ಮನಿಯ ಒಂದು ಊರಿನ ದ್ರಾಕ್ಷಾರಸದಿಂದ ಬಂದ ಹೆಸರದು.

ಈಗ ಹುಡುಗಿಯ ಕಡೆ ಬರೋಣ. ಹೆದರಿಕೆಗೆ ಅವಳ ಉಸಿರು ಏರಿತು. ಹೆದರಿದ ದೇಹ ಓಡಲು ತಯಾರಾಗುತ್ತದೆ. ಓಡಿದ್ದರೆ ಸ್ನಾಯುಗಳು ಕಾರ್ಬನ್ ಡೈಆಕ್ಸೈಡ್ ಹುಟ್ಟಿಸುತ್ತಿದ್ದವು, ಲೆಕ್ಕ ಸರಿಹೋಗುತ್ತಿತ್ತು. ಅವಳು ಕೂತೇ ಇದ್ದಳು. ಕಟ್ಟದ ಹಲಗೆ ಕಿತ್ತ ಹಾಗಾಯಿತು. ಜೋರಾಗಿ ಉಸಿರಾಡಿದರೆ ಒಂದೆರಡು ನಿಮಿಷದಲ್ಲೇ 40ರ ಮಟ್ಟ 20ರ ಹತ್ತಿರಕ್ಕೆ ಇಳಿಯಬಹುದು. ಆಕ್ಸಿಜನ್ ಏನಾದರೂ ಜಾಸ್ತಿ ಸಿಕ್ಕಿತಾ? ಇಲ್ಲ. ಆರೋಗ್ಯವಂತರ ರಕ್ತ ಸುಮ್ಮನೆ ಕೂತಾಗಲೇ ಶೇಕಡಾ 97-98ರಷ್ಟು ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿದರೇನು?

ಕಾರ್ಬನ್ ಡೈಆಕ್ಸೈಡ್ ಇಳಿದ ಕೂಡಲೇ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತೋಟಕ್ಕೆ ನೀರು ಬಿಡುವ ಗೇಟುವಾಲ್ವನ್ನು ಅರ್ಧ ತಿರುಗಿಸಿದ ಹಾಗೆ. ಮೆದುಳಿಗೆ ಹೋಗುವ ರಕ್ತ ಮೂರನೇ ಒಂದು ಭಾಗದಷ್ಟು ಕಡಿಮೆಯಾಗಬಹುದು. ತಲೆ ಹಗುರ, ಕಣ್ಣು ಮಂಜು. ಇದರ ಮೇಲೆ ಇನ್ನೊಂದು. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನನ್ನು ಹೊರುವ ಬಸ್ಸು ಎಂದುಕೊಳ್ಳಿ. ಯಾವ ಸ್ಟಾಪಿನಲ್ಲಿ ಇಳಿಸಬೇಕೆಂದು ಬೆಲ್ ಹೊಡೆಯುವುದು ಕಾರ್ಬನ್ ಡೈಆಕ್ಸೈಡ್. ಕೆಲಸ ಮಾಡುವ ಅಂಗದ ಹತ್ತಿರ ಅದು ಜಾಸ್ತಿ ಇರುತ್ತದೆ, ಅಲ್ಲಿ ಆಕ್ಸಿಜನ್ ಇಳಿಯುತ್ತದೆ. ಬೆಲ್ ಇಲ್ಲದಿದ್ದರೆ ಬಸ್ಸು ತುಂಬಿಕೊಂಡೇ ಓಡುತ್ತದೆ, ಇಳಿಯುವವರು ಕಡಿಮೆ. ಇದನ್ನು 1904ರಲ್ಲಿ ಕಂಡುಹಿಡಿದವರು ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್. ಪರಮಾಣುವಿನ ಪಾಠದಲ್ಲಿ ಬರುವ ನೀಲ್ಸ್ ಬೋರ್ ಅವರ ಅಪ್ಪ.

ಇನ್ನು ಬೆರಳು. ರಕ್ತದ ಹುಳಿ ಕಡಿಮೆಯಾದಾಗ ಅದರಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುತ್ತದೆ. ಒಟ್ಟು ಕ್ಯಾಲ್ಸಿಯಂ ಅಷ್ಟೇ ಇರುತ್ತದೆ, ಕೆಲಸಕ್ಕೆ ಬರುವುದು ಕಡಿಮೆ. ನರಗಳನ್ನು ಸಮಾಧಾನದಲ್ಲಿ ಇಡುವುದು ಈ ಬಿಡಿ ಕ್ಯಾಲ್ಸಿಯಂ. ಅದು ಇಳಿದರೆ ನರಗಳು ಕಾರಣವಿಲ್ಲದೆ ಸಿಡಿಯುತ್ತವೆ. ತುಟಿಯ ಸುತ್ತ ಜುಮುಜುಮು, ಆಮೇಲೆ ಕೈ ಸೆಟೆತ. ನಾಟಕ ಎಂದರಲ್ಲ, ಅವರು ಒಂದು ಸಲ ಆ ಬೆರಳನ್ನು ಮುಟ್ಟಿ ನೋಡಬೇಕಿತ್ತು.

ಇದೆಲ್ಲ ಆಗುವಾಗ ಹೆದರಿಕೆ ಇನ್ನೂ ಏರುತ್ತದೆ, ಉಸಿರೂ ಏರುತ್ತದೆ. ಹಾಗಾದರೆ ಎಲ್ಲ ತೊಂದರೆಯ ಮೂಲ ಕಾರ್ಬನ್ ಡೈಆಕ್ಸೈಡ್ ಒಂದೇ ಎನ್ನಬಹುದಾ? ಬಹಳ ಕಾಲ ಹಾಗೆ ನಂಬಿದ್ದರು. 1937ರಲ್ಲಿ ಅಮೆರಿಕದ ವೈದ್ಯರು ಇದಕ್ಕೆ ಹೈಪರ್‌ವೆಂಟಿಲೇಷನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಬೇಗ ಬೇಗ ಉಸಿರಾಡಿಸಿ, "ನಿಮಗೆ ಬರುವುದು ಇದೇನಾ?" ಎಂದು ಕೇಳುವುದೇ ಪರೀಕ್ಷೆಯಾಯಿತು. 1996ರಲ್ಲಿ ನೆದರ್‌ಲ್ಯಾಂಡ್ಸಿನ ಸಂಶೋಧಕರು ಒಂದು ಜಾಣತನದ ಕೆಲಸ ಮಾಡಿದರು. 115 ಜನರನ್ನು ಎರಡು ಸಲ ಹೀಗೆ ಉಸಿರಾಡಿಸಿದರು. ಒಂದು ಸಲ ಮಾತ್ರ, ಅವರಿಗೆ ತಿಳಿಯದ ಹಾಗೆ, ಕಾರ್ಬನ್ ಡೈಆಕ್ಸೈಡ್ ಸೇರಿಸಿ ರಕ್ತದ ಮಟ್ಟ ಇಳಿಯದಂತೆ ನೋಡಿಕೊಂಡರು. ನಿಜವಾದ ಪರೀಕ್ಷೆಯಲ್ಲಿ "ಹೌದು, ಇದೇ" ಎಂದವರು 85. ಅವರಲ್ಲಿ 56 ಮಂದಿ ಮಟ್ಟ ಇಳಿಯದಿದ್ದಾಗಲೂ "ಇದೇ" ಎಂದರು! ಅಂದರೆ ಹೆದರಿಕೆಗೂ ಇದರಲ್ಲಿ ದೊಡ್ಡ ಪಾಲಿದೆ. ನನಗೆ ಈ ಫಲಿತಾಂಶ ಬಹಳ ಇಷ್ಟ. ಹಳೆಯ ನಂಬಿಕೆಯನ್ನು ವಿಜ್ಞಾನ ತಾನೇ ಹೀಗೆ ತಟ್ಟಿ ನೋಡುತ್ತದೆ. ನೂಲು ಕಟ್ಟುವವರು ಯಾರಾದರೂ ಒಂದು ಸಲ ಮಂತ್ರಿಸಿದ ನೂಲು, ಇನ್ನೊಂದು ಸಲ ಬರೀ ನೂಲು ಕಟ್ಟಿ ಹೋಲಿಸಿದ್ದುಂಟಾ?

ಜಾಸ್ತಿ ಉಸಿರಾಟ ಯಾವಾಗಲೂ ಹೆದರಿಕೆಯದ್ದೇ ಎಂದು ತಿಳಿಯುವುದೂ ತಪ್ಪು. ಎವರೆಸ್ಟ್ ತುದಿಯಲ್ಲಿ ಮನುಷ್ಯ ಬದುಕುವುದೇ ಜೋರಾಗಿ ಉಸಿರಾಡಿ. 1981ರಲ್ಲಿ ಅಲ್ಲಿ ಅಳೆದಾಗ 40 ಇರಬೇಕಾದ ಮಟ್ಟ 7.5ಕ್ಕೆ ಇಳಿದಿತ್ತು. ಸಕ್ಕರೆ ಕಾಯಿಲೆ ಕೈಮೀರಿ ರಕ್ತ ಹುಳಿಯಾದಾಗಲೂ ಆಳವಾದ, ಬಿಡದ ಉಸಿರು ಬರುತ್ತದೆ. ದೇಹ ತನ್ನನ್ನು ಉಳಿಸಿಕೊಳ್ಳಲು ಮಾಡುವ ಕೆಲಸ ಅದು. 1874ರಲ್ಲಿ ಕುಸ್‌ಮಾಲ್ ಎಂಬ ಜರ್ಮನ್ ವೈದ್ಯರು ಅದನ್ನು ವಿವರಿಸಿದ್ದರು. ಆಸ್ತಮಾ, ಹೃದಯಾಘಾತ, ಶ್ವಾಸಕೋಶಕ್ಕೆ ಹೋದ ರಕ್ತದ ಹೆಪ್ಪು, ಇವುಗಳಲ್ಲೂ ಏದುಸಿರು ಇರುತ್ತದೆ. ಮೊದಲ ಸಲ ಹೀಗಾದವರನ್ನು, ವಯಸ್ಸಾದವರನ್ನು, ಎದೆನೋವು ಎನ್ನುವವರನ್ನು ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮುಖಕ್ಕೆ ಕಾಗದದ ಚೀಲ ಹಿಡಿಯುವ ಸಿನಿಮಾ ವೈದ್ಯವನ್ನಂತೂ ಮಾಡಲೇಬಾರದು. ಹೃದಯಾಘಾತವನ್ನು ಹೆದರಿಕೆ ಎಂದು ತಿಳಿದು ಚೀಲ ಹಿಡಿದು ಜನ ಸತ್ತದ್ದು 1989ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಪ್ಲಾಸ್ಟಿಕ್ ಚೀಲ ಇನ್ನೂ ಘೋರ.

ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ಕೆರೆಯಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂದು ಪಂಥ ಕಟ್ಟುವಾಗ ಹುಡುಗರು ಮೊದಲು ಹತ್ತಿಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಡುತ್ತಾರೆ. ಆಕ್ಸಿಜನ್ ತುಂಬಿಕೊಂಡೆವು ಎಂದು ಅವರ ಲೆಕ್ಕ. ತುಂಬಿದ್ದೇನೂ ಇಲ್ಲ, ಮೇಲೆ ಬಾ ಎಂದು ಕರೆಯುವ ಗಂಟೆಯನ್ನು ಕಳಚಿಟ್ಟು ಇಳಿದಂತಾಯಿತು. ಕುತ್ತಿಗೆಯ ರಕ್ತನಾಳದ ಪಕ್ಕದಲ್ಲಿ ಆಕ್ಸಿಜನ್ ನೋಡುವ ಅಕ್ಕಿಕಾಳಿನಷ್ಟು ಅಂಗವೇನೋ ಇದೆ. ಅದರ ಕೆಲಸ ತೋರಿಸಿದ್ದಕ್ಕೆ ಬೆಲ್ಜಿಯಂನ ಹೇಮನ್ಸ್ ಅವರಿಗೆ 1938ರ ನೊಬೆಲ್ ಬಂತು. ಆದರೆ ಅದು ಜೋರಾಗಿ ಎಚ್ಚರಿಸುವುದು ಆಕ್ಸಿಜನ್ ಬಹಳ ಇಳಿದ ಮೇಲೆ. ಅಷ್ಟರಲ್ಲಿ ನೀರೊಳಗೆ ಪ್ರಜ್ಞೆ ಹೋಗಿರುತ್ತದೆ. ಚೆನ್ನಾಗಿ ಈಜು ಬರುವ ಹುಡುಗರೇ ಹೀಗೆ ಹೋಗುವುದು. ಆಮೇಲೆ ಕೆರೆಯಲ್ಲಿ ಏನೋ ಇದೆ, ಅದು ಎಳೆದುಕೊಂಡಿತು ಎನ್ನುತ್ತಾರೆ.

ಕಲೋತ್ಸವದ ಆ ದಿನ ಹುಡುಗಿಯನ್ನು ಉಳಿಸಿದವರು ಅವಳ ಕನ್ನಡ ಟೀಚರ್. ಮಗುವಿಗೆ ಹಿಂದೆಯೂ ಎರಡು ಸಲ ಹೀಗಾಗಿ ಡಾಕ್ಟರಿಗೆ ತೋರಿಸಿದ್ದು ಅವರಿಗೆ ಗೊತ್ತಿತ್ತು. ಜನರನ್ನು ಆಚೆ ಕಳಿಸಿ ಎದುರಿಗೆ ಕೂತರು. "ಪದ್ಯ ಹೇಳುವಾ, ನನ್ನ ಒಟ್ಟಿಗೆ. ಮೆಲ್ಲ" ಎಂದರು. ಭಾಮಿನಿ ಷಟ್ಪದಿ. ಮೊದಲೆರಡು ಸಾಲಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆ. ಮೂರನೆಯದು ಇಪ್ಪತ್ತಮೂರು, ಕೊನೆಯ ಗುರುವನ್ನು ಎಳೆದರೆ ಇನ್ನೂ ಉದ್ದ. ಅದನ್ನು ಒಂದೇ ಉಸಿರಿಗೆ ರಾಗದಲ್ಲಿ ಹೇಳಬೇಕಾದರೆ ಉಸಿರನ್ನು ಉಳಿಸಿ ಉಳಿಸಿ ಬಿಡಬೇಕು. ಏದುಸಿರು ಬಿಡುತ್ತಾ ಹಾಡಲು ಯಾರಿಂದಲೂ ಆಗುವುದಿಲ್ಲ. ಮೊದಲ ಪದ್ಯದಲ್ಲಿ ಸಾಲು ಸಾಲಿಗೂ ತುಂಡಾಯಿತು. ಎರಡನೆಯದರಲ್ಲಿ ಮೂರನೇ ಸಾಲು ಅರ್ಧಕ್ಕೆ ನಿಂತಿತು. ಮೂರನೇ ಪದ್ಯದ ಆರನೇ ಸಾಲು ಪೂರ್ತಿ ಬಂತು. ಅಷ್ಟರಲ್ಲಿ ಕಿರುಬೆರಳು ಬಿಟ್ಟಿತ್ತು, ಆಮೇಲೆ ಉಳಿದವು. ಹೆಬ್ಬೆರಳು ಕೊನೆಗೆ ಬಿಟ್ಟಿತು. ಬೀಗದ ಕೈಗಳ ಗೊಂಚಲು ಅಂಗೈಯಿಂದ ಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು.

"ಕಬ್ಬಿಣ ಕೊಟ್ಟದ್ದಕ್ಕೆ ಸರಿಯಾಯಿತು ನೋಡಿ" ಎನ್ನುತ್ತಾ ಒಬ್ಬರು ಅದನ್ನು ಹೆಕ್ಕಿಕೊಂಡು ಹೋದರು.