ದೋಸೆ ಹೋಟೆಲ್‌ನಲ್ಲಿ ಸಿಕ್ಕ ಐಗನ್ ವ್ಯಾಲ್ಯೂ

ಎಂಎಸ್ಸಿ ಮೊದಲ ಸೆಮಿಸ್ಟರ್‌ನ ವಿದ್ಯಾರ್ಥಿನಿಯೊಬ್ಬಳು ಬೋರ್ಡಿನ ಮೇಲೆ ಒಂದು ಮ್ಯಾಟ್ರಿಕ್ಸ್‌ನ ಐಗನ್ ವ್ಯಾಲ್ಯೂ ಕಂಡುಹಿಡಿಯುತ್ತಿದ್ದಳು. ಸಂಖ್ಯೆಗಳ ಎರಡು ಸಾಲು, ಎರಡು ಕಂಬ, ಅಷ್ಟೇ. ಮ್ಯಾಟ್ರಿಕ್ಸ್‌ನಿಂದ ಗುಣಿಸಿದಾಗ ಕೆಲವು ವೆಕ್ಟರ್‌ಗಳು, ಅಂದರೆ ಸಂಖ್ಯೆಗಳ ಪಟ್ಟಿಗಳು, ಬರೀ ಇಷ್ಟು ಪಟ್ಟು ಆಗುತ್ತವೆ. ಆ 'ಇಷ್ಟು' ಅನ್ನುವುದೇ ಐಗನ್ ವ್ಯಾಲ್ಯೂ. ಎಲ್ಲೂ ತಡವರಿಸಲಿಲ್ಲ. ಡಿಟರ್ಮಿನೆಂಟ್ ಬಿಡಿಸಿದಳು, ವರ್ಗ ಸಮೀಕರಣ ಬಂತು, ಎರಡು ಉತ್ತರ ಸಿಕ್ಕವು: 1 ಮತ್ತು 0.5. "ಈ 0.5 ಏನು ಹೇಳ್ತಿದೆಯಮ್ಮಾ?" ಅಂತ ಕೇಳಿದೆ. ಚಾಕ್‌ಪೀಸ್ ಹಿಡಿದು ಸುಮ್ನೆ ನಿಂತಳು. ಆಮೇಲೆ ಮೆಲ್ಲಗೆ, "ಮೇಡಂ, ಅದನ್ನ ಎಕ್ಸಾಮಲ್ಲಿ ಕೇಳಲ್ಲ ಅಲ್ವಾ?" ಅಂದಳು.

ಅವಳ ತಪ್ಪಲ್ಲ. ಮ್ಯಾಟ್ರಿಕ್ಸ್ ಬರುವ ಲೀನಿಯರ್ ಆಲ್ಜಿಬ್ರಾ ಒಂದು ಪೇಪರ್, ಸಾಧ್ಯತೆ ಲೆಕ್ಕ ಹಾಕುವ ಪ್ರಾಬಬಿಲಿಟಿ ಇನ್ನೊಂದು ಪೇಪರ್. ನೋಟ್‌ಬುಕ್ ಬೇರೆ, ಪೀರಿಯಡ್ ಬೇರೆ, ಎಷ್ಟೋ ಕಡೆ ಪಾಠ ಮಾಡುವವರೂ ಬೇರೆ. ದಾವಣಗೆರೆಯಲ್ಲಿ ಇವೆರಡನ್ನೂ ಪಾಠ ಮಾಡುತ್ತಾ ಬಂದ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಇವೆರಡನ್ನೂ ಒಟ್ಟಿಗೆ ಓದಬೇಕು. ಅದೂ ಸಣ್ಣ ಲೆಕ್ಕ ಇಟ್ಟುಕೊಂಡು, ಕೈಯಲ್ಲೇ ಮಾಡಿ ಓದಬೇಕು.

ಅವತ್ತು ಅವಳ ಮ್ಯಾಟ್ರಿಕ್ಸ್‌ಗೆ ನಾನು ಒಂದು ಕಥೆ ಕೊಟ್ಟೆ. ನಮ್ಮೂರಲ್ಲಿ ಬೆಣ್ಣೆದೋಸೆ ಬಿಟ್ಟು ಬೇರೆ ಉದಾಹರಣೆ ಯಾಕೆ? ಒಂದೇ ರಸ್ತೆಯಲ್ಲಿ ಎರಡು ಹೋಟೆಲ್ ಇವೆ ಅಂದುಕೊಳ್ಳಿ. ದಿನಾ ದೋಸೆ ತಿನ್ನುವ 1000 ಗಿರಾಕಿಗಳಿದ್ದಾರೆ. ಇವತ್ತು ಮೊದಲ ಹೋಟೆಲ್‌ಗೆ ಹೋದವರಲ್ಲಿ ನೂರಕ್ಕೆ 80 ಜನ ನಾಳೆಯೂ ಅಲ್ಲಿಗೇ ಹೋಗುತ್ತಾರೆ, 20 ಜನ ಎದುರಿನದಕ್ಕೆ ಹೋಗುತ್ತಾರೆ. ಎರಡನೇ ಹೋಟೆಲ್‌ಗೆ ಹೋದವರಲ್ಲಿ 70 ಜನ ಅಲ್ಲೇ ಉಳಿಯುತ್ತಾರೆ, 30 ಜನ ಮೊದಲನೆಯದಕ್ಕೆ ಬರುತ್ತಾರೆ. ಮ್ಯಾಟ್ರಿಕ್ಸ್‌ನ ಮೊದಲ ಕಂಬಸಾಲು 0.8, 0.2. ಎರಡನೆಯದು 0.3, 0.7.

ಮೊದಲ ದಿನ 1000 ಜನವೂ ಮೊದಲ ಹೋಟೆಲ್‌ನಲ್ಲೇ ಇದ್ದರು ಅನ್ನಿ. ಮರುದಿನ ಅಲ್ಲಿ 800 ಜನ. ಅದರ ಮರುದಿನ, 800ರಲ್ಲಿ ಉಳಿದ 640 ಮತ್ತು ಎದುರಿನಿಂದ ಬಂದ 60 ಸೇರಿ 700. ಆಮೇಲೆ 650. ಆಮೇಲೆ 625. ಇಲ್ಲಿಗೆ ಬರುವಾಗ ಅವಳೇ ನಿಲ್ಲಿಸಿದಳು. "ಮೇಡಂ, ಇದು 600ರ ಹತ್ರ ಹೋಗ್ತಿದೆ." ಹೌದು. 600ಕ್ಕಿಂತ ಎಷ್ಟು ಜಾಸ್ತಿ ಇದೆ ನೋಡು ಅಂದೆ. ಅವಳು ಪಕ್ಕದಲ್ಲಿ ಬರೆದಳು: 400, 200, 100, 50, 25.

ದಿನಾ ಅರ್ಧ, ಅರ್ಧ, ಅರ್ಧ. ಬೋರ್ಡಿನ ಇನ್ನೊಂದು ಮೂಲೆಯಲ್ಲಿ ಅವಳೇ ಬರೆದಿದ್ದ 0.5 ಹಾಗೇ ಇತ್ತು. ಅದರ ಕಡೆ ತಿರುಗಿ ನೋಡಿದಳು. ಆ ಕ್ಷಣಕ್ಕೋಸ್ಕರವೇ ನಾನು ಪಾಠ ಮಾಡುತ್ತೇನೆ.

ಆಗಿದ್ದು ಇಷ್ಟು. 600 ಮತ್ತು 400 ಎಂಬ ಹಂಚಿಕೆಯನ್ನು ಈ ಮ್ಯಾಟ್ರಿಕ್ಸ್ ಬದಲಾಯಿಸುವುದಿಲ್ಲ. 600ರಲ್ಲಿ 120 ಜನ ಆ ಕಡೆ ಹೋದರೆ, 400ರಲ್ಲಿ 120 ಜನ ಈ ಕಡೆ ಬರುತ್ತಾರೆ. ಅದು ಐಗನ್ ವ್ಯಾಲ್ಯೂ 1ರ ವೆಕ್ಟರ್. ಒಂದು ಕಡೆ ಒಬ್ಬ ಜಾಸ್ತಿ, ಇನ್ನೊಂದು ಕಡೆ ಒಬ್ಬ ಕಡಿಮೆ ಎಂಬ ವ್ಯತ್ಯಾಸ ಮಾತ್ರ ಪ್ರತಿದಿನ ಅರ್ಧಕ್ಕೆ ಇಳಿಯುತ್ತದೆ. ಅದು 0.5ರ ವೆಕ್ಟರ್. ಎಲ್ಲರನ್ನೂ ಎರಡನೇ ಹೋಟೆಲ್‌ನಲ್ಲಿ ಕೂರಿಸಿ ಶುರು ಮಾಡಿದರೂ ಮೊದಲನೆಯದರಲ್ಲಿ 300, 450, 525 ಅಂತ ಏರುತ್ತಾ ಅದೇ 600ರ ಕಡೆ ಬರುತ್ತೀರಿ. ನಾಳೆ ಏನಾಗುತ್ತದೆ ಎಂಬುದು ಇವತ್ತಿನ ಸ್ಥಿತಿಯ ಮೇಲೆ ಮಾತ್ರ ನಿಂತಿರುವ ಇಂಥ ಸರಣಿಯೇ ಪ್ರಾಬಬಿಲಿಟಿಯಲ್ಲಿ ಮಾರ್ಕೋವ್ ಚೈನ್. ರಷ್ಯಾದ ಗಣಿತಜ್ಞ ಮಾರ್ಕೋವ್ 1906ರಲ್ಲಿ ಇದರ ಮೊದಲ ಲೇಖನ ಬರೆದರು. ಒಂದು ಎಚ್ಚರಿಕೆ: ನಾನು ಕಂಬಸಾಲಾಗಿ ಬರೆದದ್ದನ್ನು ಪ್ರಾಬಬಿಲಿಟಿ ಪುಸ್ತಕಗಳು ಸಾಮಾನ್ಯವಾಗಿ ಅಡ್ಡಸಾಲಾಗಿ ಬರೆಯುತ್ತವೆ. ಇದೊಂದರಿಂದಲೇ ಎಷ್ಟೋ ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರೆ.

ಪ್ರಾಬಬಿಲಿಟಿಯಲ್ಲಿ ಮಕ್ಕಳು ಎಡವುವುದು ಸೂತ್ರದಲ್ಲಲ್ಲ, 'ಯಾವುದರಲ್ಲಿ ಎಷ್ಟು' ಎಂಬಲ್ಲಿ. ಎಪಿಎಂಸಿಗೆ ಬಂದ 1000 ಚೀಲ ಮೆಕ್ಕೆಜೋಳದಲ್ಲಿ 10 ಚೀಲ ಹಸಿ ಇವೆ ಅನ್ನೋಣ. ತೇವ ನೋಡುವ ಮೀಟರ್ ಆ ಹತ್ತರಲ್ಲಿ 9ನ್ನು ಹಿಡಿಯುತ್ತದೆ. ಆದರೆ ಒಣಗಿದ 990 ಚೀಲಗಳಲ್ಲೂ ನೂರಕ್ಕೆ ಹತ್ತರಂತೆ 99ನ್ನು ಹಸಿ ಅಂತ ತೋರಿಸುತ್ತದೆ. ಮೀಟರ್ ಹಸಿ ಅಂದ ಚೀಲ ನಿಜವಾಗಿ ಹಸಿ ಇರುವ ಸಾಧ್ಯತೆ ಎಷ್ಟು? ಕ್ಲಾಸಿನಲ್ಲಿ ಬಹಳಷ್ಟು ಮಂದಿ ನೂರಕ್ಕೆ 90 ಅನ್ನುತ್ತಾರೆ. ಎಣಿಸಿ ನೋಡಿ. ಹಸಿ ಅಂತ ತೋರಿಸಿದ್ದು ಒಟ್ಟು 108, ನಿಜವಾಗಿ ಹಸಿ ಇದ್ದದ್ದು 9. ಹನ್ನೆರಡರಲ್ಲಿ ಒಂದು. ಬೇಯ್ಸ್ ಪ್ರಮೇಯ ಹೇಳುವುದು ಇದನ್ನೇ. ಮೊದಲು ಚೀಲ ಎಣಿಸಿ, ಆಮೇಲೆ ಸೂತ್ರ ಬರೆಯಿರಿ. ಸೂತ್ರ ತಾನಾಗಿ ನೆನಪಲ್ಲಿ ಕೂರುತ್ತದೆ.

ಇನ್ನು 'ಇಂಡಿಪೆಂಡೆಂಟ್' ಎಂಬ ಪದ. ಎರಡೂ ಪೇಪರಿನಲ್ಲಿ ಬರುತ್ತದೆ, ಅರ್ಥ ಮಾತ್ರ ಬೇರೆ. ವೆಕ್ಟರ್‌ಗಳು ಇಂಡಿಪೆಂಡೆಂಟ್ ಅಂದರೆ ಒಂದನ್ನು ಉಳಿದವುಗಳಿಂದ ಕಟ್ಟಲು ಆಗುವುದಿಲ್ಲ. ಘಟನೆಗಳು ಇಂಡಿಪೆಂಡೆಂಟ್ ಅಂದರೆ ಒಂದು ನಡೆದದ್ದು ಗೊತ್ತಾದರೂ ಇನ್ನೊಂದರ ಸಾಧ್ಯತೆ ಬದಲಾಗುವುದಿಲ್ಲ. ಒಟ್ಟಿಗೆ ನಡೆಯಲಾರದ ಎರಡು ಘಟನೆಗಳನ್ನು ಇಂಡಿಪೆಂಡೆಂಟ್ ಅಂತ ಬರೆಯುವವರು ಪ್ರತಿವರ್ಷ ಇರುತ್ತಾರೆ. ಒಂದು ನಡೆದರೆ ಇನ್ನೊಂದರ ಸಾಧ್ಯತೆ ಸೊನ್ನೆ ಆಯ್ತಲ್ಲ, ಅದಕ್ಕಿಂತ ದೊಡ್ಡ ಬದಲಾವಣೆ ಯಾವುದಿದೆ? ಇಂಥ ಕಡೆ ವ್ಯಾಖ್ಯೆಯನ್ನು ಕನ್ನಡದಲ್ಲಿ, ನಿಮ್ಮ ಮಾತಿನಲ್ಲಿ, ಪಕ್ಕದಲ್ಲಿ ಕೂತವರಿಗೆ ಹೇಳಿ ನೋಡಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇದಕ್ಕೆ ನಾಚಿಕೊಳ್ಳುತ್ತಾರೆ. ನಾಚಿಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದು ಒಂದು ಪದ ಮರೆತರೆ ಪೂರ್ತಿ ಹೋಗುತ್ತದೆ.

ಮ್ಯಾಟ್ರಿಕ್ಸ್ ಮತ್ತು ಪ್ರಾಬಬಿಲಿಟಿ ಎರಡನ್ನೂ ಒಂದೇ ಮನೆಯಲ್ಲಿ ಇಟ್ಟು ಬಾಳಿದವರು ನಮ್ಮ ಪಕ್ಕದಲ್ಲೇ ಹುಟ್ಟಿದ್ದರು. ಹರಪನಹಳ್ಳಿ ದಾಟಿ ಹೋದರೆ ಸಿಗುವ ಹೂವಿನಹಡಗಲಿಯಲ್ಲಿ, 1920ರಲ್ಲಿ. ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. 1945ರ ಒಂದೇ ಲೇಖನದಲ್ಲಿ, ಅಂದಾಜು ಎಷ್ಟರ ಮಟ್ಟಿಗೆ ನಿಖರ ಆಗಬಹುದು ಎಂಬ ಮಿತಿ ಹೇಳುವ ಕ್ರೇಮರ್–ರಾವ್ ಅಸಮಾನತೆಯೂ ಇತ್ತು, ಅಂದಾಜನ್ನು ಉತ್ತಮಪಡಿಸುವ ದಾರಿ ಹೇಳುವ ರಾವ್–ಬ್ಲ್ಯಾಕ್‌ವೆಲ್ ಪ್ರಮೇಯವೂ ಇತ್ತು. ಆಗ ಅವರಿಗೆ 25 ವರ್ಷ. ಮ್ಯಾಟ್ರಿಕ್ಸ್‌ಗೆ ಇನ್ವರ್ಸ್ (ಅದು ಮಾಡಿದ್ದನ್ನು ಹಿಂದಕ್ಕೆ ತಿರುಗಿಸುವ ಮ್ಯಾಟ್ರಿಕ್ಸ್) ಇಲ್ಲದ ಕಡೆ ಏನು ಮಾಡಬೇಕು ಎಂಬುದನ್ನೂ ಅವರು ಸಂಖ್ಯಾಶಾಸ್ತ್ರದ ಅಗತ್ಯದಿಂದಲೇ ಬೆಳೆಸಿದರು. 2023ರಲ್ಲಿ ತೀರಿಕೊಂಡಾಗ ಅವರಿಗೆ 102. ಹಡಗಲಿ ಕಡೆಯಿಂದ ಬರುವ ನನ್ನ ವಿದ್ಯಾರ್ಥಿಗಳಿಗೇ ಈ ಹೆಸರು ಗೊತ್ತಿಲ್ಲದಿದ್ದಾಗ ನನಗೆ ನೋವಾಗುತ್ತದೆ.

ಲೆಕ್ಕಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬಳಸಬೇಕಾ ಅಂತ ಕೇಳುತ್ತಾರೆ. ಧಾರಾಳವಾಗಿ ಬಳಸಿ. ಆದರೆ ಉತ್ತರ ಹೇಗೆ ಬರಬಹುದು ಅಂತ ಮೊದಲು ಹಾಳೆಯ ಮೇಲೆ ಬರೆದಿಟ್ಟು, ಆಮೇಲೆ ರನ್ ಮಾಡಿ. ಪ್ರೂಫ್‌ಗಳನ್ನು ಪುಸ್ತಕ ಮುಚ್ಚಿ ಬರೆಯಿರಿ, ಎಲ್ಲಿ ನಿಂತಿತೋ ಅಲ್ಲಿ ಮಾತ್ರ ತೆರೆದು ನೋಡಿ.

ಆ ಹುಡುಗಿ ಮರುವಾರ ಒಂದು ಪ್ರಶ್ನೆ ತಂದಳು. "ಮೇಡಂ, ಎಲ್ಲಾ ಗಿರಾಕಿಗಳೂ ದಿನಾ ಹೋಟೆಲ್ ಬದಲಾಯಿಸಿದ್ರೆ?" ಅಂದರೆ ಮೊದಲ ಕಂಬ 0, 1. ಎರಡನೆಯದು 1, 0. ಇಬ್ಬರೂ ಕೂತು ಲೆಕ್ಕ ಮಾಡಿದೆವು. ಇವತ್ತು 1000, ನಾಳೆ 0, ನಾಡಿದ್ದು ಮತ್ತೆ 1000. ಎಲ್ಲೂ ನೆಲೆ ನಿಲ್ಲುವುದಿಲ್ಲ. ಐಗನ್ ವ್ಯಾಲ್ಯೂ ತೆಗೆದಾಗ ಈ ಸಲ ನಾನು ಕೇಳಬೇಕಾಗಲಿಲ್ಲ. "ಎರಡನೆಯದು ಮೈನಸ್ ಒಂದು, ಮೇಡಂ. ಅದಕ್ಕೇ ವ್ಯತ್ಯಾಸ ಕಡಿಮೆ ಆಗಲ್ಲ, ದಿನಾ ಪಕ್ಕ ಬದಲಾಯಿಸುತ್ತೆ" ಅಂದಳು.