ಪಾರ್ಕ್ ಪಕ್ಕದ ಹೋಟೆಲ್ ಯಾರಿಗೆ ಬೇಕು?

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಟ್ರಾವೆಲ್ ಆಫೀಸಿನ ಫೋನಿನಲ್ಲಿ ಒಂದೇ ಪ್ರಶ್ನೆ. "ಮೇಡಂ, ಪಾರ್ಕ್‌ನಿಂದ ಹೋಟೆಲ್ ಎಷ್ಟು ದೂರ?" ವಂಡರ್‌ಲಾ ಆಗಲಿ, ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್ ಆಗಲಿ, ಹಾಂಗ್‌ಕಾಂಗ್‌ನ ಡಿಸ್ನಿಲ್ಯಾಂಡ್ ಆಗಲಿ, ಎಲ್ಲರೂ ಮೊದಲು ಕೇಳುವುದು ಕಿಲೋಮೀಟರ್.

ಕೇಳಬಾರದು ಅಂತಲ್ಲ. ಆದರೆ ಹಾಗೆ ಕೇಳುವವರ ಕಣ್ಣ ಮುಂದೆ ಇರುವುದು ಬೆಳಗಿನ ಚಿತ್ರ. ಸ್ನಾನ ಆಗಿದೆ, ತಿಂಡಿ ಆಗಿದೆ, ಮಕ್ಕಳು ಕುಣಿಯುತ್ತಾ ಮುಂದೆ ಓಡುತ್ತಿದ್ದಾರೆ. ಆ ಹೊತ್ತಿನಲ್ಲಿ ಒಂದು ಗಂಟೆ ಪ್ರಯಾಣ ಯಾರಿಗೂ ಭಾರ ಅನ್ನಿಸುವುದಿಲ್ಲ. ತೊಂದರೆ ಶುರುವಾಗುವುದು ಪಾರ್ಕ್ ಮುಚ್ಚಿದ ಮೇಲೆ. ಒಂದು ಕೈಯಲ್ಲಿ ಒದ್ದೆ ಬಟ್ಟೆಯ ಚೀಲ, ಹೆಗಲ ಮೇಲೆ ನಿದ್ದೆ ಹೋದ ಮಗು, ಮಂಡಿ ಹಿಡಿದುಕೊಂಡು ಕೂತ ಅಜ್ಜಿ, ಎಲ್ಲರಿಗೂ ಹೊಟ್ಟೆ ಹಸಿವು. ಅದಕ್ಕೇ ನಾನು ತಿರುಗಿಸಿ ಕೇಳುತ್ತೇನೆ: ಸಂಜೆ ಗೇಟಿನಿಂದ ಹೊರಗೆ ಬಂದ ಮೇಲೆ ಊಟ ಮಾಡಿ ಮಲಗುವುದಕ್ಕೆ ಎಷ್ಟು ಹೊತ್ತು ಬೇಕು? ಮಧ್ಯಾಹ್ನವೇ ಸುಸ್ತಾಗಿ ರೂಮಿಗೆ ಹೋಗಬೇಕು ಅನ್ನುವವರು ಮನೆಯಲ್ಲಿ ಯಾರಾದರೂ ಇದ್ದಾರಾ? ಇಷ್ಟು ಗೊತ್ತಾದರೆ ಹೋಟೆಲ್ ಆರಿಸುವ ಕೆಲಸ ಅರ್ಧ ಮುಗಿದಂತೆ.

ನಮ್ಮೂರಿನಿಂದಲೇ ಶುರು ಮಾಡೋಣ. ವಂಡರ್‌ಲಾ 2005ರಿಂದ ಬಿಡದಿ ಹತ್ತಿರ ಇದೆ. ಮೆಜೆಸ್ಟಿಕ್‌ನಿಂದ ಸುಮಾರು 30 ಕಿಲೋಮೀಟರ್. ಸಾಮಾನ್ಯವಾಗಿ ಬಾಗಿಲು ತೆರೆಯುವುದು ಬೆಳಗ್ಗೆ 11ಕ್ಕೆ. ಹುಬ್ಬಳ್ಳಿ, ಶಿವಮೊಗ್ಗ, ದಾವಣಗೆರೆ ಕಡೆಯಿಂದ ರಾತ್ರಿ ಬಸ್ಸಿಗೆ ಬರುವವರು ಆರು ಗಂಟೆಗೆಲ್ಲ ಮೆಜೆಸ್ಟಿಕ್‌ನಲ್ಲಿ ಇಳಿದಿರುತ್ತಾರೆ. ನಡುವೆ ಐದು ಗಂಟೆ ಏನು ಮಾಡುವುದು? ಇಲ್ಲಿ ಗಾಂಧಿನಗರದ ಲಾಡ್ಜ್‌ಗಳು ಕೈ ಹಿಡಿಯುತ್ತವೆ. ಅಲ್ಲಿ ಹಲವು ಕಡೆ 24 ಗಂಟೆ ಚೆಕ್‌ಔಟ್ ಇದೆ. ಬೆಳಗ್ಗೆ ಆರಕ್ಕೆ ರೂಮ್ ತೆಗೆದುಕೊಂಡರೆ ಮಾರನೇ ದಿನ ಆರರವರೆಗೂ ನಿಮ್ಮದೇ. ರೆಸಾರ್ಟ್‌ಗಳಲ್ಲಿ ಹಾಗಿಲ್ಲ. ಮಧ್ಯಾಹ್ನದವರೆಗೆ ಬ್ಯಾಗ್ ಇಟ್ಟುಕೊಂಡು ಲಾಬಿಯಲ್ಲಿ ಕಾಯಬೇಕು.

ಹಾಗಾದರೆ ಸಂಜೆ? ಭಾನುವಾರ ಸಂಜೆ ಮೈಸೂರು ಕಡೆಯಿಂದ ಬೆಂಗಳೂರಿಗೆ ಬರುವ ರಸ್ತೆ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಹೈವೇಯಲ್ಲಿ ಹಾರಿಕೊಂಡು ಬಂದ ಕಾರು ಕೆಂಗೇರಿಯಿಂದ ನಾಯಂಡಹಳ್ಳಿವರೆಗೆ ತೆವಳುತ್ತದೆ. ಇದಕ್ಕೆ ಈಗ ಒಂದು ದಾರಿ ಇದೆ. 2023ರ ಅಕ್ಟೋಬರ್‌ನಲ್ಲಿ ಮೆಟ್ರೋ ನೇರಳೆ ಮಾರ್ಗ ಚಲ್ಲಘಟ್ಟದವರೆಗೆ ಬಂತು. ಬಿಡದಿಯಿಂದ ಅಲ್ಲಿವರೆಗೆ ಕ್ಯಾಬ್ ಅಥವಾ ಬಸ್, ಅಲ್ಲಿಂದ ಮೆಟ್ರೋ, ನೇರ ಮೆಜೆಸ್ಟಿಕ್. ಮೊದಲ ನಿಲ್ದಾಣವೇ ಆದ್ದರಿಂದ ಕೂರಲು ಸೀಟೂ ಸಿಗುತ್ತದೆ. ಅತ್ತಿಗುಪ್ಪೆ, ವಿಜಯನಗರ, ಮಾಗಡಿ ರಸ್ತೆ ಎಲ್ಲವೂ ಇದೇ ಲೈನಿನಲ್ಲಿವೆ. ಈ ಕಡೆ ರೂಮ್ ಸಿಕ್ಕರೆ ಇನ್ನೂ ಒಳ್ಳೆಯದು. ರಾತ್ರಿ ಊಟಕ್ಕೆ ದರ್ಶಿನಿಗಳಿಗೂ ಬರವಿಲ್ಲ.

"ಚಿಕ್ಕಪ್ಪನ ಮನೆ ವೈಟ್‌ಫೀಲ್ಡ್‌ನಲ್ಲಿದೆ, ಅಲ್ಲೇ ಉಳ್ಕೋತೀವಿ, ಸುಮ್ನೆ ಯಾಕೆ ದುಡ್ಡು?" ಅನ್ನುವವರೂ ಇದ್ದಾರೆ. ಪ್ರೀತಿಯ ಮಾತು, ಒಪ್ಪುತ್ತೇನೆ. ಆದರೆ ನೇರಳೆ ಮಾರ್ಗದ ಈ ತುದಿ ಚಲ್ಲಘಟ್ಟ, ಆ ತುದಿ ವೈಟ್‌ಫೀಲ್ಡ್. ನಡುವೆ 43 ಕಿಲೋಮೀಟರ್. ಚಿಕ್ಕಮ್ಮ ಅಡುಗೆ ಬಿಸಿ ಮಾಡಿಕೊಂಡು ಕಾಯುತ್ತಾ ಇರುತ್ತಾರೆ, ನೀವು ಮೆಟ್ರೋದಲ್ಲಿ ತೂಕಡಿಸುತ್ತಾ ಇರುತ್ತೀರಿ. ನೆಂಟರ ಮನೆಗೆ ಮಾರನೇ ದಿನ ಆರಾಮಾಗಿ ಹೋಗಿ, ಅವರಿಗೂ ಖುಷಿ.

ಪಾರ್ಕ್ ಆವರಣದಲ್ಲೇ ವಂಡರ್‌ಲಾದವರ ರೆಸಾರ್ಟ್ ಇದೆ, 2012ರಿಂದ. ಯಾರಿಗೆ ಅದು ಬೇಕು? ಐದು ವರ್ಷದೊಳಗಿನ ಮಗು ಇದ್ದವರಿಗೆ, ಅಜ್ಜ ಅಜ್ಜಿಯನ್ನು ಕರೆದುಕೊಂಡು ಬಂದವರಿಗೆ. ಎರಡು ಗಂಟೆಗೆ ಮಗುವನ್ನು ಕರೆದುಕೊಂಡು ಅಜ್ಜಿ ರೂಮಿಗೆ ಹೋಗಬಹುದು, ಉಳಿದವರು ಆಡುತ್ತಾ ಇರಬಹುದು. ಆ ಒಂದು ಅನುಕೂಲಕ್ಕೆ ಕೊಡುವ ಹಣ ಅದು. ಮಕ್ಕಳಿಬ್ಬರೂ ಹೈಸ್ಕೂಲು, ಕಾಲೇಜು ಅಂತಿದ್ದರೆ ಅವರು ಕೊನೆಯ ರೈಡ್ ನಿಲ್ಲುವವರೆಗೆ ರೂಮಿನ ಕಡೆ ತಲೆ ಹಾಕುವುದಿಲ್ಲ. ಅಂಥ ಮನೆಯವರಿಗೆ ನಾನು ರೆಸಾರ್ಟ್ ಹೇಳುವುದೇ ಇಲ್ಲ. ಮಲಗುವುದಕ್ಕೆ ಮಾತ್ರ ಅಷ್ಟು ಬಾಡಿಗೆ ಯಾಕೆ?

ಸ್ವಂತ ಕಾರಿನವರಿಗೆ ನನ್ನ ಮೆಚ್ಚಿನ ಸಲಹೆ ಬೇರೆಯೇ. ಪಾರ್ಕ್ ಮುಗಿಸಿ ಬೆಂಗಳೂರಿಗೆ ವಾಪಸ್ ಬರಬೇಡಿ, ಮೈಸೂರಿಗೆ ಹೋಗಿ. ಬಿಡದಿಯಿಂದ ಮೈಸೂರು ಸುಮಾರು 110 ಕಿಲೋಮೀಟರ್. ಭಾನುವಾರ ಸಂಜೆ ಎಲ್ಲರೂ ಈ ಕಡೆ ಬರುವಾಗ ನೀವು ಆ ಕಡೆ. ಮಕ್ಕಳು ಹಿಂದಿನ ಸೀಟಿನಲ್ಲಿ ಮಲಗಿರುತ್ತಾರೆ. ಕಾರು ಓಡಿಸುವವರು ಮಾತ್ರ ಮಧ್ಯಾಹ್ನದ ಮೇಲೆ ನೀರಿನ ಆಟ ಬಿಟ್ಟು ಸ್ವಲ್ಪ ಸುಧಾರಿಸಿಕೊಂಡಿರಬೇಕು. ಮಾರನೇ ದಿನ ಅರಮನೆ, ಮೃಗಾಲಯ. ಮೃಗಾಲಯಕ್ಕೆ ಮಂಗಳವಾರ ರಜೆ, ಅದೊಂದು ನೆನಪಿರಲಿ.

ಇಲ್ಲೇ ಬಾಡಿಗೆಯ ಮಾತನ್ನೂ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5. ಅದಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ಶೇ 18. ಅಂದರೆ 7,500ರ ರೂಮಿಗೆ ನೀವು ಕೊಡುವುದು 7,875. 7,600ರ ರೂಮಿಗೆ 8,968. ನೂರು ರೂಪಾಯಿ ವ್ಯತ್ಯಾಸ ಅಂತ ಮೇಲಿನ ರೂಮ್ ಹಿಡಿದರೆ ಸಾವಿರದ ಮೇಲೆ ಕೈಬಿಟ್ಟು ಹೋಗುತ್ತದೆ. ಆಪ್‌ಗಳಲ್ಲಿ ಮೊದಲು ಕಾಣುವುದು ತೆರಿಗೆ ಸೇರದ ದರ, ಕೊನೆಯ ಪುಟ ನೋಡದೆ ಹೋಲಿಸಬೇಡಿ.

ಈಗ ಸಿಂಗಪುರ. ಬೆಂಗಳೂರಿನ ಕುಟುಂಬಗಳಿಗೆ ಮೊದಲ ವಿದೇಶ ಅಂದರೆ ಹೆಚ್ಚಾಗಿ ಇದೇ. ಯೂನಿವರ್ಸಲ್ ಸ್ಟುಡಿಯೋಸ್ ಇರುವುದು ಸೆಂಟೋಸಾ ದ್ವೀಪದಲ್ಲಿ. ಪಕ್ಕದಲ್ಲೇ ಒಳ್ಳೆಯ ಹೋಟೆಲ್‌ಗಳಿವೆ, ದುಬಾರಿ. ಆದರೆ ಇಲ್ಲಿ ಪಾರ್ಕ್ ಪಕ್ಕ ಇರಲೇಬೇಕು ಅಂತ ನನಗೆ ಅನ್ನಿಸಿಲ್ಲ. ಯಾಕೆಂದರೆ ಪಾರ್ಕ್ ಸಾಮಾನ್ಯವಾಗಿ ತೀರಾ ತಡರಾತ್ರಿವರೆಗೆ ಇರುವುದಿಲ್ಲ, ವಾಪಸ್ ಬರುವ ದಾರಿಯೂ ಸಲೀಸು. ಸೆಂಟೋಸಾ ಎಕ್ಸ್‌ಪ್ರೆಸ್ ಎಂಬ ಪುಟ್ಟ ರೈಲಿಗೆ ದ್ವೀಪದ ಒಳಗೆ ಹೋಗುವಾಗ 4 ಸಿಂಗಪುರ ಡಾಲರ್, ಹೊರಗೆ ಬರುವಾಗ ದುಡ್ಡಿಲ್ಲ. ಅದು ವಿವೋಸಿಟಿ ಮಾಲ್‌ಗೆ ತಂದು ಬಿಡುತ್ತದೆ. ಕೆಳಗೇ ಹಾರ್ಬರ್‌ಫ್ರಂಟ್ ಮೆಟ್ರೋ ನಿಲ್ದಾಣ. ಅಲ್ಲಿ ಹತ್ತಿದರೆ ಎಲ್ಲೂ ಬದಲಾಯಿಸದೆ ಐದನೇ ನಿಲ್ದಾಣ ಲಿಟಲ್ ಇಂಡಿಯಾ, ಆರನೆಯದು ಫ್ಯಾರರ್ ಪಾರ್ಕ್. ಇಳಿದರೆ ಸೆರಂಗೂನ್ ರಸ್ತೆ. 1947ರಿಂದ ಇರುವ ಕೋಮಲ ವಿಲಾಸ್ ಇದೆ, ನಮ್ಮ ಎಂಟಿಆರ್ ಕೂಡ ಇದೆ. ಒಂಬತ್ತು ಗಂಟೆ ರಾತ್ರಿಗೆ ಮಗು "ಅಮ್ಮಾ, ದೋಸೆ" ಅಂದರೆ ದೋಸೆ ಸಿಗುವ ಬೀದಿ. ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನದ ಹಿರಿಯರಿದ್ದರೆ ಈ ಬೀದಿಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಲಿಟಲ್ ಇಂಡಿಯಾದಲ್ಲಿ ಕಣ್ಣು ಮುಚ್ಚಿ ಬುಕ್ ಮಾಡಬಹುದು ಅಂತ ಮಾತ್ರ ಅಂದುಕೊಳ್ಳಬೇಡಿ. ಅಲ್ಲಿನ ಅಗ್ಗದ ಹೋಟೆಲ್‌ಗಳಲ್ಲಿ ಕಿಟಕಿಯೇ ಇಲ್ಲದ ರೂಮ್‌ಗಳಿವೆ. ಬುಕಿಂಗ್ ಪುಟದಲ್ಲಿ ಅದನ್ನು ಬರೆದೇ ಇರುತ್ತಾರೆ, ನಾವು ಓದುವುದಿಲ್ಲ ಅಷ್ಟೇ. ರೂಮ್ ಕೂಡ ತುಂಬಾ ಚಿಕ್ಕದು. ನಾಲ್ಕು ಸೂಟ್‌ಕೇಸ್ ಬಿಚ್ಚಿದರೆ ಕಾಲಿಡಲು ಜಾಗ ಇರುವುದಿಲ್ಲ. ರೂಮಿನ ಅಳತೆ ಎಷ್ಟು ಚದರ ಮೀಟರ್ ಅಂತ ನೋಡಿ. ಹದಿನೈದರ ಆಸುಪಾಸು ಇದ್ದರೆ ಗಂಡ ಹೆಂಡತಿಗೆ ಸಾಕು, ಇಬ್ಬರು ಮಕ್ಕಳ ಜೊತೆ ಕಷ್ಟ.

"ಹಾಗಿದ್ರೆ ಒಂದು ಮನೆಯನ್ನೇ ಬಾಡಿಗೆಗೆ ಹಿಡಿಯೋಣ ಬಿಡಿ, ಅಡುಗೆನೂ ಮಾಡ್ಕೋಬಹುದು" ಅನ್ನುವ ಯೋಚನೆ ಬರುತ್ತದೆ, ಅಲ್ವಾ? ಸಿಂಗಪುರದಲ್ಲಿ ಅದು ಕಾನೂನು ಪ್ರಕಾರ ಆಗುವುದಿಲ್ಲ. ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವಂತಿಲ್ಲ. ಆನ್‌ಲೈನ್‌ನಲ್ಲಿ ಯಾರೋ ಚೆಂದದ ಫೋಟೋ ಹಾಕಿದ್ದಾರೆ ಅಂತ ಹಣ ಕಟ್ಟಬೇಡಿ. ಹಾಂಗ್‌ಕಾಂಗ್‌ನಲ್ಲೂ 28 ದಿನಕ್ಕಿಂತ ಕಡಿಮೆ ಅವಧಿಗೆ ಕೊಡಬೇಕಾದರೆ ಲೈಸೆನ್ಸ್ ಬೇಕು. ಅಡುಗೆಮನೆ ಬೇಕೇ ಬೇಕು ಅನ್ನುವವರು ಲೈಸೆನ್ಸ್ ಇರುವ ಸರ್ವೀಸ್ ಅಪಾರ್ಟ್‌ಮೆಂಟ್ ಕೇಳಿ. ಇಲ್ಲದಿದ್ದರೆ ರೂಮಿನ ಕೆಟಲ್ ಸಾಕು. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿಯ ಪೊಟ್ಟಣಗಳು ನಮ್ಮ ಬೆಂಗಳೂರಿನ ಎಲ್ಲ ಅಂಗಡಿಗಳಲ್ಲೂ ಇವೆ.

ಸಂಜೆಯ ದಾರಿ ಅಂದೆನಲ್ಲ, ಪ್ಯಾಕೇಜ್‌ನವರಿಗೆ ಇಲ್ಲೊಂದು ಎಚ್ಚರಿಕೆ. ನಿಮ್ಮ ಕಾಗದದಲ್ಲಿ "ಎಸ್‌ಐಸಿ" ಅಂತ ಬರೆದಿದ್ದರೆ, ಹತ್ತಾರು ಹೋಟೆಲ್‌ಗಳವರನ್ನು ಒಟ್ಟಿಗೆ ಕರೆದುಕೊಂಡು ಹೋಗುವ ಬಸ್ಸು ಅಂತ ಅರ್ಥ. ದರ ಕಡಿಮೆ. ಆದರೆ ಸಂಜೆ ಅವರು ಹೇಳಿದ ಹೊತ್ತಿಗೆ, ಹೇಳಿದ ಜಾಗದಲ್ಲಿ ನಿಂತಿರಬೇಕು. ಆಮೇಲೆ ಒಂದೊಂದೇ ಹೋಟೆಲ್‌ನವರನ್ನು ಇಳಿಸುತ್ತಾ ಹೋಗುತ್ತದೆ. ನಿಮ್ಮದು ಕೊನೆಯದಾದರೆ ಮುಗಿಯಿತು. ಇದಕ್ಕಿಂತ ಮೆಟ್ರೋ ಎಷ್ಟೋ ವಾಸಿ. ಮಗು ಮಲಗಿಬಿಟ್ಟಿದ್ದರೆ ಟ್ಯಾಕ್ಸಿ ಹಿಡಿಯಿರಿ. 1.35 ಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಅಲ್ಲಿ ಕಾರಿನಲ್ಲಿ ಚೈಲ್ಡ್ ಸೀಟ್ ಕಡ್ಡಾಯ. ಮಾಮೂಲಿ ಟ್ಯಾಕ್ಸಿಗೆ ಆ ನಿಯಮದಿಂದ ವಿನಾಯಿತಿ ಇದೆ, ಆಪ್‌ನಲ್ಲಿ ಬರುವ ಖಾಸಗಿ ಕಾರಿಗೆ ಇಲ್ಲ.

ಹಾಂಗ್‌ಕಾಂಗ್‌ಗೆ ಹೋದರೆ ನನ್ನ ಮಾತು ತಿರುಗುತ್ತದೆ. ಅಲ್ಲಿ ಡಿಸ್ನಿಲ್ಯಾಂಡ್‌ನ ದೊಡ್ಡ ಆಕರ್ಷಣೆಯೇ ರಾತ್ರಿ ಕೋಟೆಯ ಮುಂದೆ ನಡೆಯುವ ಬೆಳಕು, ಪಟಾಕಿಯ ಪ್ರದರ್ಶನ. ಅದು ಮುಗಿದ ಕೂಡಲೇ ತೇರು ಎಳೆದ ಮೇಲೆ ಜಾತ್ರೆ ಒಡೆದಂತೆ ಎಲ್ಲರೂ ಒಂದೇ ಬಾಗಿಲಿಗೆ, ಒಂದೇ ರೈಲಿಗೆ. ಭಾರತದ ಊಟ ಸಿಗುತ್ತದೆ ಅಂತ ಊರೊಳಗಿನ ಚಿಮ್ ಶಾ ಚುಯಿಯಲ್ಲಿ ರೂಮ್ ಮಾಡಿದ್ದರೆ, ಸನ್ನಿ ಬೇಯಲ್ಲಿ ಒಂದು ರೈಲು, ಲೈ ಕಿಂಗ್‌ನಲ್ಲಿ ಇನ್ನೊಂದು ರೈಲು ಬದಲಾಯಿಸಬೇಕು. ಮಗುವನ್ನು ಹೊತ್ತುಕೊಂಡು. ಇಲ್ಲಿ ಪಾರ್ಕ್‌ನ ಸ್ವಂತ ಮೂರು ಹೋಟೆಲ್‌ಗಳಲ್ಲಿ ಒಂದು ರಾತ್ರಿ ಉಳಿಯುವುದು ದುಂದು ಅಲ್ಲ. ಅಷ್ಟು ಬೇಡ ಅಂದರೆ ಹತ್ತಿರದ ಟುಂಗ್ ಚುಂಗ್‌ನಲ್ಲಿ ರೂಮ್ ನೋಡಿ. ಸನ್ನಿ ಬೇಯಿಂದ ಒಂದೇ ನಿಲ್ದಾಣ, ಕೇಬಲ್ ಕಾರ್ ಹತ್ತುವ ಜಾಗವೂ ಅಲ್ಲೇ.

ಮಧ್ಯದಲ್ಲಿ ಹೋಟೆಲ್ ಬದಲಾಯಿಸುವುದು ನನಗೆ ಇಷ್ಟವಿಲ್ಲ. ಗಂಟುಮೂಟೆ ಕಟ್ಟಿ ಬಿಚ್ಚುವುದರಲ್ಲಿ ಅರ್ಧ ದಿನ ಹೋಗುತ್ತದೆ. ಆದರೆ ವಿಮಾನ ನಿಲ್ದಾಣವೂ ಡಿಸ್ನಿಲ್ಯಾಂಡೂ ಟುಂಗ್ ಚುಂಗೂ ಲಾಂಟೌ ದ್ವೀಪದ ಕಡೆಯೇ ಇವೆ. ಪಾರ್ಕನ್ನು ಪ್ರವಾಸದ ಮೊದಲಿಗೋ ಕೊನೆಗೋ ಇಟ್ಟುಕೊಂಡರೆ ಈ ಬದಲಾವಣೆ ಅಷ್ಟು ಚುಚ್ಚುವುದಿಲ್ಲ. ಒಂದು ವಿಷಯ: ಅಕ್ಟೋಬರ್ ಮೊದಲ ವಾರ ಚೀನಾದ ರಾಷ್ಟ್ರೀಯ ರಜೆ. ನಮ್ಮ ದಸರಾ ರಜೆ ಅದರ ಮೇಲೆ ಬಿದ್ದ ವರ್ಷ ಹಾಂಗ್‌ಕಾಂಗ್‌ನ ದರ ಕೇಳಿಯೇ ಜ್ವರ ಬರುತ್ತದೆ. ಸಿಂಗಪುರದಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಫಾರ್ಮುಲಾ ಒನ್ ರೇಸ್ ನಡೆಯುವ ವಾರಾಂತ್ಯದ್ದೂ ಅದೇ ಕಥೆ.

ದುಬೈ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೆಗೋಲ್ಯಾಂಡ್, ಮೋಷನ್‌ಗೇಟ್ ಇರುವ ಜಾಗ ಅಬುಧಾಬಿ ರಸ್ತೆಯಲ್ಲಿ, ಊರಿನಿಂದ ದೂರ. ಊಟಕ್ಕೆ ಊರೊಳಗಿನ ಬರ್ ದುಬೈ, ಕರಾಮಾ ಚೆನ್ನ. ಒಂದೇ ದಿನ ಪಾರ್ಕ್ ಆದರೆ ಊರಲ್ಲೇ ಇದ್ದು ಟ್ಯಾಕ್ಸಿಯಲ್ಲಿ ಹೋಗಿ ಬನ್ನಿ. ಫೆರಾರಿ ವರ್ಲ್ಡ್, ವಾರ್ನರ್ ಬ್ರದರ್ಸ್ ಎರಡೂ ಬೇಕು ಅಂದರೆ ಅಬುಧಾಬಿಯ ಯಾಸ್ ದ್ವೀಪದಲ್ಲೇ ಉಳಿಯಿರಿ. ನಮ್ಮ ಬೇಸಿಗೆ ರಜೆಯಲ್ಲಿ ಅಲ್ಲಿ ಸುಡು ಬಿಸಿಲು, ಇವೆರಡೂ ಸೂರಿನ ಕೆಳಗಿನ ಪಾರ್ಕ್‌ಗಳು.

ಎಲ್ಲಿಗೇ ಹೋದರೂ ಬುಕ್ ಮಾಡುವ ಮುಂಚೆ ಮಕ್ಕಳ ಮಲಗುವ ವ್ಯವಸ್ಥೆ ಕೇಳಿ. "ಚೈಲ್ಡ್ ವಿತೌಟ್ ಬೆಡ್" ಅಂದರೆ ಮಗು ನಿಮ್ಮ ಹಾಸಿಗೆಯಲ್ಲೇ. ಹತ್ತು ವರ್ಷದ ಹುಡುಗ ರಾತ್ರಿಯಿಡೀ ಒದ್ದರೆ ಮಾರನೇ ದಿನ ಪಾರ್ಕ್‌ನಲ್ಲಿ ಅಪ್ಪನ ಮುಖ ನೋಡಬೇಕು. ಅಜ್ಜ ಅಜ್ಜಿ ಇದ್ದು ಎರಡು ರೂಮ್ ತೆಗೆದುಕೊಂಡರೆ "ಅಕ್ಕಪಕ್ಕ ಕೊಡಿ" ಅನ್ನುವುದು ಬೇರೆ, ನಡುವೆ ಬಾಗಿಲಿರುವ "ಕನೆಕ್ಟಿಂಗ್ ರೂಮ್" ಅನ್ನುವುದು ಬೇರೆ. ಎರಡನೆಯದು ಬೇಕಾದರೆ ಹೋಟೆಲ್‌ನಿಂದ ಬರಹದಲ್ಲಿ ಒಪ್ಪಿಗೆ ತರಿಸಿಕೊಳ್ಳಿ. ನೀರಿನ ಪಾರ್ಕ್ ಇದ್ದರೆ ಬಟ್ಟೆ ಒಣಗಿಸಲು ಬಾಲ್ಕನಿ ಇದೆಯಾ ಕೇಳಿ. ಕೇಳಲು ನಾಚಿಕೆ ಬೇಡ, ಎಲ್ಲರೂ ಒಣಗಿಸುತ್ತಾರೆ.

ಇನ್ನು ಮೊದಲ ದಿನದ ಪಜೀತಿ. ಬೆಂಗಳೂರಿನಿಂದ ಸಿಂಗಪುರಕ್ಕೆ ರಾತ್ರಿ ಹೊರಡುವ ವಿಮಾನ ಹಿಡಿದರೆ ಇಳಿಯುವಾಗ ಅಲ್ಲಿ ಬೆಳಗಾಗಿರುತ್ತದೆ. ರೂಮ್ ಸಿಗುವುದು ಮಧ್ಯಾಹ್ನ ಎರಡು ಮೂರು ಗಂಟೆಗೆ. ಆ ದಿನ ಪಾರ್ಕ್ ಟಿಕೆಟ್ ತೆಗೆಯಲೇಬೇಡಿ. ಹಿರಿಯರು, ಕೂಸು ಇದ್ದರೆ ಹಿಂದಿನ ರಾತ್ರಿಯಿಂದಲೇ ರೂಮ್ ಬುಕ್ ಮಾಡಿ, ಬೆಳಗ್ಗೆ ಬರುತ್ತೇವೆ ಅಂತ ಹೋಟೆಲ್‌ಗೆ ಮೇಲ್ ಹಾಕಿ. ಮೇಲ್ ಹಾಕದಿದ್ದರೆ ರಾತ್ರಿ ನೀವು ಬರಲಿಲ್ಲ ಅಂತ ಬುಕಿಂಗನ್ನೇ ರದ್ದು ಮಾಡಿರುವ ಸಾಧ್ಯತೆ ಇದೆ. ಉಳಿದವರು ಬ್ಯಾಗ್‌ಗಳನ್ನು ರಿಸೆಪ್ಷನ್‌ನಲ್ಲಿ ಬಿಟ್ಟು, ಇಡ್ಲಿ ತಿಂದು, ಹತ್ತಿರದಲ್ಲೇ ಎಲ್ಲಾದರೂ ಸುತ್ತಾಡಿ ಬನ್ನಿ.